ಪಿರಾನ್‌ಗೆ ಅರ್ಧ ದಿನ ಸಾಕಾ, ಒಂದು ರಾತ್ರಿ ಉಳೀಬೇಕಾ? (ಮಂಡಿನೋವಿನ ಅತ್ತೆ ಜೊತೆಗಿದ್ದಾರೆ)

ಪದ್ಮನಾಭನಗರ_ಪುಟ್ಟಿ
ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನ್ರಿಗೆ ಸೆಪ್ಟೆಂಬರ್‌ನಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ ಎರಡು ವಾರದ ಕಾರ್ಯಾಗಾರ ಇದೆ. ಕೊನೇ ವಾರಕ್ಕೆ ನಾನು, ಅತ್ತೆ (68 ವರ್ಷ), ಮಗಳು (9) ಹೋಗಿ ಸೇರ್ಕೋತೀವಿ. ಪಕ್ಕದಲ್ಲೇ ಸ್ಲೊವೇನಿಯಾದ ಪಿರಾನ್ ಅನ್ನೋ ಪುಟ್ಟ ಊರಿದೆಯಂತೆ, ಸಮುದ್ರಕ್ಕೆ ಮೂಗು ಚಾಚಿಕೊಂಡ ಹಾಗೆ. ಫೋಟೋ ನೋಡಿದಾಗಿಂದ ನನಗೆ ಅದೇ ಗುಂಗು.

ಇವರು "ಬೆಳಗ್ಗೆ ಹೋಗಿ ಸಂಜೆ ಬಂದ್ರಾಯ್ತು, ಅಲ್ಲಿ ಉಳಿಯೋಕೇನಿದೆ" ಅಂತಾರೆ. ನನಗೆ ಒಂದು ರಾತ್ರಿಯಾದರೂ ಇರೋ ಆಸೆ. ಅತ್ತೆಗೆ ಮಂಡಿ ನೋವು, ಮೊಟ್ಟೆ ಕೂಡ ತಿನ್ನಲ್ಲ. ಹೋಗಿ ಬಂದೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ. ಮನೇಲಿ ಈ ವಿಷಯ ಈಗಾಗಲೇ ಎರಡು ಸಲ ಸುಪ್ರೀಂ ಕೋರ್ಟಿಗೆ ಹೋಗಿ ವಾಪಸ್ ಬಂದಿದೆ.

ಚೌಕಾಸಿ_ಚೆನ್ನ
ಯಜಮಾನ್ರು ಹೇಳಿದ್ದೇ ಸರಿ. ಮೂರು ಗಂಟೆಯಲ್ಲಿ ಮುಗಿಯೋ ಊರು. ಒಂದು ಚೌಕ, ಒಂದು ಚರ್ಚು, ಒಂದು ಐಸ್‌ಕ್ರೀಮು. ರೂಮಿನ ದುಡ್ಡು ಉಳಿಸಿ ವೆನಿಸ್‌ಗೆ ಹೋಗಿ.

ಹುಬ್ಳಿ_ಹೈದ
ಕ್ರೊಯೇಷಿಯಾದಾಗಿನ ಊರಲ್ರಿ ಅದು? ವೀಸಾ ಬ್ಯಾರೆ ಬೇಕಾಗ್ತದ ನೋಡ್ರಿ. ರೊಕ್ಕಾನೂ ಬ್ಯಾರೆ, ಕುನಾ ಅಂತ.

ಟ್ರಿಯೆಸ್ಟ್_ಮಾಜಿ
@ಹುಬ್ಳಿ_ಹೈದ ಎರಡೂ ತಪ್ಪು. ಪಿರಾನ್ ಇರೋದು ಸ್ಲೊವೇನಿಯಾದಲ್ಲಿ. ಷೆಂಗೆನ್ ವೀಸಾ ಇದ್ರೆ ಸಾಕು, ಯೂರೋನೇ ನಡೆಯುತ್ತೆ. ಕ್ರೊಯೇಷಿಯಾ ಕೂಡ 2023ರ ಜನವರಿ 1ಕ್ಕೆ ಯೂರೋಗೂ ಷೆಂಗೆನ್‌ಗೂ ಸೇರ್ಕೊಂಡಿದೆ, ಕುನಾ ಕಥೆ ಮುಗೀತು.

ಪುಟ್ಟಿಯವರೇ, ನಿಮ್ಮೆಜಮಾನ್ರು ಬರ್ತಿರೋದು ಭೌತವಿಜ್ಞಾನಿ ಅಬ್ದುಸ್ ಸಲಾಂ 1964ರಲ್ಲಿ ಕಟ್ಟಿದ ಭೌತವಿಜ್ಞಾನ ಕೇಂದ್ರಕ್ಕೇ ಇರಬೇಕು. ನಾನೂ ಅಲ್ಲೇ ಎರಡು ವರ್ಷ ಇದ್ದೆ. ಟ್ರಿಯೆಸ್ಟ್‌ನಿಂದ ಪಿರಾನ್ ನಲವತ್ತು ಕಿಲೋಮೀಟರ್ ಒಳಗೇ. ಆದರೆ ಬಸ್ಸಲ್ಲಿ ಹೋದ್ರೆ ಕೋಪರ್‌ನಲ್ಲಿ ಇಳಿದು ಇನ್ನೊಂದು ಹತ್ತಬೇಕಾಗಬಹುದು, ವಾರಾಂತ್ಯಕ್ಕೆ ಬಸ್ಸೂ ಕಮ್ಮಿ. ಬೆಳಗ್ಗೆ ಹೋಗಿ ಸಂಜೆ ಬರೋದು ಅಂದ್ರೆ ಗಡಿಯಾರ ನೋಡ್ತಾ ಊರು ನೋಡೋದು. ಪಾಸ್‌ಪೋರ್ಟ್ ಎಲ್ಲರದ್ದೂ ಕೈಯಲ್ಲಿರಲಿ. ಗಡಿ ತೆರೆದಿದೆ ಅಂತ ಹೆಸರಿಗಷ್ಟೆ, 2023ರ ಅಕ್ಟೋಬರ್‌ನಲ್ಲಿ ಆ ಕಡೆ ತಪಾಸಣೆ ವಾಪಸ್ ಬಂತು.

ಒಂದು ರಾತ್ರಿ ಉಳೀರಿ. ನನ್ನ ವೋಟು ಅದಕ್ಕೇ.

ಹುಬ್ಳಿ_ಹೈದ
ಆತು ಬಿಡ್ರಿ, ನಾ ಹೋಗಿದ್ದು 2016ರಾಗ, ಅದೂ ಕ್ರೊಯೇಷಿಯಾದ ರೊವಿನ್‌ಗೆ. ಎರಡೂ ಊರು ಅಕ್ಕ-ತಂಗಿ ಇದ್ದಂಗ ಅದಾವ, ಅದಕ್ಕ ತಲಿ ಕೆಡ್ತು.

ಕುಡ್ಲದ_ಕಡಲಹಕ್ಕಿ
ಮೂರು ಗಂಟೆಯಲ್ಲಿ ಮುಗಿಯುತ್ತೆ ಅಂತ ಹೇಳಿದವರು ನಡು ಮಧ್ಯಾಹ್ನಕ್ಕೆ ಹೋಗಿ ಬಂದವರು ಮಾರಾಯ್ರೆ. ನಾವು ಹೋದಾಗ ಹನ್ನೊಂದರಿಂದ ಐದರವರೆಗೆ ಬಸ್ಸಿನ ಮೇಲೆ ಬಸ್ಸು, ಕೊಡೆ ಹಿಡಿದ ಗೈಡು, ಅವನ ಹಿಂದೆ ನಲವತ್ತು ಜನ. ಸಂಜೆ ಏಳಾಯಿತು ನೋಡಿ, ಎಲ್ಲ ಖಾಲಿ. ಚೌಕದ ಮಧ್ಯೆ ಬಿಳಿ ಕಲ್ಲು ಹಾಸಿದ ಮೊಟ್ಟೆಯಾಕಾರದ ಜಾಗ ಉಂಟು, ಅಲ್ಲಿ ಊರಿನ ಮಕ್ಕಳು ಬಾಲ್ ಒದೀತಿದ್ರು. ಒಬ್ಬ ಅಜ್ಜಿ ಮೂರನೇ ಮಾಳಿಗೆಯ ಕಿಟಕಿಯಿಂದ ಹಗ್ಗಕ್ಕೆ ಬುಟ್ಟಿ ಕಟ್ಟಿ ಕೆಳಗೆ ಬಿಟ್ಟು ಬ್ರೆಡ್ ಎತ್ತಿಕೊಂಡರು. ಇದನ್ನು ನೋಡ್ಲಿಕ್ಕೆ ಟಿಕೆಟ್ ಇಲ್ಲ, ಹಗಲಲ್ಲಿ ಸಿಗುವುದೂ ಇಲ್ಲ.

ಆ ಚೌಕ ಮೊದಲು ದೋಣಿ ನಿಲ್ಲಿಸುವ ಒಳಬಂದರು ಆಗಿತ್ತು. ಊರಿನ ಕೊಳಚೆ ಎಲ್ಲ ಅಲ್ಲಿಗೇ ಬಂದು ನಾತ ಹೊಡೆಯುತ್ತಿತ್ತಂತೆ, 1894ರಲ್ಲಿ ಮಣ್ಣು ತುಂಬಿ ಚೌಕ ಮಾಡಿದರು. ಮನೆಗಳೆಲ್ಲ ಅದರ ಸುತ್ತ ಬಾಗಿ ನಿಂತಿರುವುದು ಹಾಗಾಗಿ.

ಮ್ಯೂನಿಕ್_ಮಂಜ
ಕಾರಲ್ಲಿ ಹೋಗೋ ಪ್ಲಾನಿದ್ರೆ ಇದನ್ನ ಓದಿ, ನಾನು ಅತ್ತಿದ್ದೇನೆ.

1) ಹಳೇ ಊರೊಳಗೆ ಹೊರಗಿನವರ ಕಾರು ಬಿಡಲ್ಲ. ಊರ ಹೊರಗೆ ಫೊರ್ನಾಚೆ ಅಂತ ಪಾರ್ಕಿಂಗ್ ಕಟ್ಟಡ ಇದೆ, ಅಲ್ಲಿ ನಿಲ್ಲಿಸಿ ನಡೀರಿ ಅಥವಾ ಊರ ಬಸ್ ಹತ್ತಿ. ನಾವು ಬುಕ್ ಮಾಡಿದ್ದ ಮನೆಯವರು "ಮನೆ ಪಕ್ಕದಲ್ಲೇ ಪಾರ್ಕಿಂಗ್" ಅಂತ ಹಾಕಿದ್ರು. ಪಕ್ಕ ಅಂದ್ರೆ ಹೆಚ್ಚುಕಮ್ಮಿ ಒಂದು ಕಿಲೋಮೀಟರ್! ಮೂರು ಸೂಟ್‌ಕೇಸು, ಕಲ್ಲುಹಾಸಿನ ಗಲ್ಲಿ, ಆಮೇಲೆ 62 ಮೆಟ್ಟಿಲು. ನಾನೇ ಎಣಿಸಿದ್ದು. ಒಂದು ಸೂಟ್‌ಕೇಸಿನ ಚಕ್ರ ಇವತ್ತಿಗೂ ಆ ಗಲ್ಲಿಯಲ್ಲೇ ಎಲ್ಲೋ ಇದೆ.

2) ಸ್ಲೊವೇನಿಯಾದ ಹೆದ್ದಾರಿಗೆ ವಿನ್ಯೆಟ್, ಅಂದ್ರೆ ಟೋಲ್ ಪಾಸ್, ಬೇಕು. ಗಾಜಿಗೆ ಅಂಟಿಸೋ ಸ್ಟಿಕ್ಕರ್ ಕಾಲ ಹೋಯ್ತು, ಈಗ ಗಾಡಿ ನಂಬರ್ ಹಾಕಿ ಆನ್‌ಲೈನಲ್ಲಿ ತಗೋಬೇಕು. ಇಲ್ಲದೆ ಸಿಕ್ಕಿಬಿದ್ರೆ ದಂಡ 300 ಯೂರೋದಿಂದ ಶುರು.

3) ಇಟಲಿಯಲ್ಲಿ ಬಾಡಿಗೆಗೆ ತಗೊಂಡ ಕಾರು ಗಡಿ ದಾಟಿಸಬಹುದಾ ಅಂತ ಮೊದಲೇ ಬರವಣಿಗೆಯಲ್ಲಿ ಕೇಳ್ಕೊಳ್ಳಿ.

ಚೌಕಾಸಿ_ಚೆನ್ನ
62 ಮೆಟ್ಟಿಲು ಎಣಿಸೋವಷ್ಟು ಪುರುಸೊತ್ತು ಇತ್ತಲ್ಲ, ಗ್ರೇಟ್.

ಮ್ಯೂನಿಕ್_ಮಂಜ
ಮೂರು ಸಲ ಹತ್ತಿ ಇಳಿದಿದ್ದೀನಿ ಸ್ವಾಮಿ, ಎಣಿಕೆ ತಾನಾಗೇ ಬಂತು.

ಪದ್ಮನಾಭನಗರ_ಪುಟ್ಟಿ
ಅಯ್ಯೋ, 62 ಮೆಟ್ಟಿಲಾ? ಹಾಗಾದ್ರೆ ಅತ್ತೆಗೆ ಆಗಲ್ವಲ್ಲ?

ಟ್ರಿಯೆಸ್ಟ್_ಮಾಜಿ
ಗಾಬರಿ ಬೇಡ. ಚೌಕ, ಬಂದರು, ಅಲ್ಲಿಂದ ಭೂಶಿರದ ತುದಿಯ ದೀಪಸ್ತಂಭದವರೆಗೆ ಕಡಲಂಚಿನ ದಾರಿ, ಎಲ್ಲ ಸಪಾಟು. ಮನೆ ತಗೊಳ್ಳೋವಾಗ ಚೌಕದ ಪಕ್ಕ ಇಲ್ಲಾ ಕಡಲಂಚಲ್ಲಿ, ನೆಲಮಹಡಿಯಲ್ಲಿ ಅಂತ ನೋಡಿ ತಗೊಳ್ಳಿ. ಸಂತ ಜಾರ್ಜ್ ಚರ್ಚು ಗುಡ್ಡದ ಮೇಲಿದೆ, ಏರು ದಾರಿ ಆದ್ರೂ ಚಿಕ್ಕದು, ಕೂತು ಎದ್ದು ಹೋಗಬಹುದು. ಅದರ ಗಂಟೆಗೋಪುರ ವೆನಿಸ್‌ನ ಸಂತ ಮಾರ್ಕನ ಗೋಪುರದ ಮರಿ. ಗೋಪುರ ಹತ್ತೋದು ನಿಮಗೂ ಮಗಳಿಗೂ. ಇನ್ನೂ ಮೇಲಿರೋ ಹಳೇ ಕೋಟೆಗೋಡೆಗೆ ಅತ್ತೆಯನ್ನ ಕರ್ಕೊಂಡು ಹೋಗಬೇಡಿ, ಅದು ಕಡಿದು. ಪಿರಾನ್‌ನ ಆ ಫೋಟೋ, ಕೆಂಪು ಹೆಂಚಿನ ಮೂಗು ನೀಲಿ ನೀರಿಗೆ ಚಾಚಿದ್ದು, ಅಲ್ಲಿಂದಲೇ ತೆಗೆಯೋದು.

ಪಿಟೀಲು_ಪ್ರಿಯ
ಚೌಕದ ಹೆಸರೇ ಯಾರೂ ಹೇಳಲಿಲ್ಲವಲ್ಲ! ತಾರ್ತಿನಿ ಚೌಕ. ಪಿಟೀಲು ವಿದ್ವಾಂಸ ಜುಸೆಪ್ಪೆ ತಾರ್ತಿನಿ ಹುಟ್ಟಿದ್ದು ಅಲ್ಲೇ, 1692ರಲ್ಲಿ. ಮಧ್ಯೆ ನಿಂತಿರೋ ಕಂಚಿನ ಪ್ರತಿಮೆ ಅವನದ್ದು. 200ನೇ ಹುಟ್ಟುಹಬ್ಬಕ್ಕೆ ನಿಲ್ಲಿಸಬೇಕು ಅಂತ ಹೊರಟು 1896ಕ್ಕೆ ನಿಲ್ಲಿಸಿದರು (ಸರ್ಕಾರಿ ಕೆಲಸ ಎಲ್ಲ ಕಡೆ ಒಂದೇ). ಅವನು ಹುಟ್ಟಿದ ಮನೆ ಈಗ ಸಣ್ಣ ವಸ್ತುಸಂಗ್ರಹಾಲಯ, ಒಳಗೆ ಅವನ ಪಿಟೀಲೊಂದಿದೆ. ನಾನು ಅದರ ಮುಂದೆ ಅರ್ಧ ಗಂಟೆ ನಿಂತಿದ್ದೆ, ನಮ್ಮ ಮನೆಯವಳು ಹೊರಗೆ ಕೂತು ಎರಡು ಕಾಫಿ ಕುಡಿದಳು.

ಅವನು ಕಂಡುಹಿಡಿದ "ಮೂರನೇ ಸ್ವರ" ಕೇಳಿದ್ದೀರಾ? ಎರಡು ತಂತಿ ಒಟ್ಟಿಗೆ ಜೋರಾಗಿ, ಶುದ್ಧ ಶ್ರುತಿಯಲ್ಲಿ ನುಡಿಸಿದರೆ ಯಾರೂ ನುಡಿಸದ ಮೂರನೇದೊಂದು ಕಿವಿಗೆ ಕೇಳುತ್ತೆ, ಕೆಳಗಿನ ಸ್ಥಾಯಿಯಲ್ಲಿ. 500 ಹರ್ಟ್ಸ್ (ಸೆಕೆಂಡಿಗೆ 500 ಕಂಪನ), 600 ಹರ್ಟ್ಸ್ ಒಟ್ಟಿಗೆ ನುಡಿದರೆ 100ರದ್ದು. ಎರಡು ಸ್ವರದ ವ್ಯತ್ಯಾಸ ಅದು. ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಮೂರನೇದು ಕೆಡುತ್ತೆ. ಶಿಷ್ಯರಿಗೆ ಶ್ರುತಿ ತಿದ್ದೋಕೆ ಅದನ್ನೇ ಬಳಸುತ್ತಿದ್ದ. ನಮ್ಮ ಚೌಡಯ್ಯನವರು ಏಳು ತಂತಿ ಹಾಕಿ ನಾದ ದಪ್ಪ ಮಾಡಿದರು, ಇವನು ಎರಡರಲ್ಲೇ ಮೂರನೇದು ಹೊರಡಿಸಿದ.

ಚೌಕಾಸಿ_ಚೆನ್ನ
ಪುಟ್ಟಿಯವರು ಕೇಳಿದ್ದು ರೂಮು, ಸಿಕ್ಕಿದ್ದು ಹರ್ಟ್ಸು.

ಪಿಟೀಲು_ಪ್ರಿಯ
ನಿಮ್ಮಂಥವರಿಗೇ ಮೂರು ಗಂಟೆಯಲ್ಲಿ ಮುಗಿಯೋದು.

ಕುಮಟಾ_ಕಡೆಯವ
ಎಲ್ಲರೂ ಚೌಕ, ಚರ್ಚು ಅಂತ ಅಲ್ಲಲ್ಲೇ ಸುತ್ತತಾ ಇದ್ದೀರಿ. ಆ ಊರು ದುಡ್ಡು ಮಾಡಿದ್ದೇ ಉಪ್ಪಲ್ಲಿ. ಪಿರಾನ್‌ನಿಂದ ಬಸ್ಸಲ್ಲಿ ಹೋಗುವಷ್ಟು ಹತ್ತಿರದಲ್ಲಿ ಸೆಚೋವ್ಲೆ ಅಂತ ಉಪ್ಪಿನ ಆಗರ ಇದೆ, ಸುಮಾರು 650 ಹೆಕ್ಟೇರ್. ನನ್ನ ಅಜ್ಜ ಸಾಣಿಕಟ್ಟೆಯ ಆಗರದಲ್ಲಿ ಕೆಲಸ ಮಾಡಿದವರು, ಹಾಗಾಗಿ ನಾನು ಪಿರಾನ್‌ಗೆ ಹೋದದ್ದೇ ಇದನ್ನು ನೋಡಲಿಕ್ಕೆ.

ನಮ್ಮ ಬದಿಯ ಉಪ್ಪಿಗೆ ಮಣ್ಣಿನ ಬಣ್ಣ ಇರ್ತದೆ, ಯಾಕೆಂದರೆ ಗದ್ದೆಯ ತಳ ಮಣ್ಣು. ಅವರ ಉಪ್ಪು ಹಾಲು ಬಿಳಿ. ಗುಟ್ಟು "ಪೆಟೋಲಾ". ಗದ್ದೆಯ ತಳಕ್ಕೆ ಕೆಲವೇ ಮಿಲಿಮೀಟರಿನ ಒಂದು ಚರ್ಮ ಬೆಳೆಸ್ತಾರೆ. ಪಾಚಿಯಂಥ ಸೂಕ್ಷ್ಮಜೀವಿ, ಜಿಪ್ಸಂ, ಜೇಡಿ ಸೇರಿ ಆದದ್ದು. ಅದು ಉಪ್ಪಿಗೂ ಕೆಸರಿಗೂ ನಡುವೆ ಚಾಪೆಯ ಹಾಗೆ ಕೂರ್ತದೆ. 14ನೇ ಶತಮಾನದಲ್ಲಿ ಈಗಿನ ಕ್ರೊಯೇಷಿಯಾದ ಪಾಗ್ ದ್ವೀಪದವರಿಂದ ಕಲಿತ ವಿದ್ಯೆಯಂತೆ. ಅದನ್ನು ಪ್ರತಿ ವರ್ಷ ಉಪಚಾರ ಮಾಡಿ ಕಾಪಾಡಬೇಕು, ತುಳಿದು ಹರಿದರೆ ಉಪ್ಪಿಗೆ ಕೆಸರು ಬಂತು. ಅದಕ್ಕೇ ಗದ್ದೆಗೆ ಇಳಿಯುವವರು ಬುಡ ಚಪ್ಪಟೆ ಇರುವ ಮರದ ಮೆಟ್ಟು ಹಾಕ್ತಾರೆ. ಉಪ್ಪು ಎಳೆಯುವ ಮರದ ಹಲಗೆ ನೋಡಿದೆ ನೋಡಿ, ಉದ್ದ ಕೋಲು, ತುದಿಗೆ ಅಡ್ಡ ಹಲಗೆ. ನಮ್ಮ ಅಜ್ಜನ ಕೈಲಿದ್ದದ್ದೇ! ಹೆಸರು ಮಾತ್ರ "ಗವೇರೊ".

ಹಿಂದೆ ಏಪ್ರಿಲ್ 24ರ ಸಂತ ಜಾರ್ಜ್ ಹಬ್ಬಕ್ಕೆ ಪಿರಾನ್‌ನ ಮನೆಮಂದಿಯೆಲ್ಲ ಮಕ್ಕಳು, ಕತ್ತೆ ಸಮೇತ ಆಗರದ ಮನೆಗಳಿಗೆ ಹೋಗಿ ಆಗಸ್ಟ್ 24ರ ಸಂತ ಬಾರ್ತಲೊಮಿಯೊ ಹಬ್ಬದವರೆಗೆ ಅಲ್ಲೇ ಇರ್ತಿದ್ದರು. ಕೆಳಗೆ ಉಪ್ಪು, ಮೇಲೆ ಸಂಸಾರ. ಆ ಮನೆಗಳು ಈಗ ಮುಕ್ಕಾಲು ಪಾಲು ಬಿದ್ದಿವೆ, ಕಿಟಕಿಯಲ್ಲಿ ಹಕ್ಕಿ ಗೂಡು. 1993ರಿಂದ ಅದು ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ.

ಒಂದು ಮಳೆ ಬಂದರೆ ವಾರದ ದುಡಿಮೆ ನೀರುಪಾಲು. ಈ ಮಾತು ನಮ್ಮ ಅಜ್ಜಿಯೂ ಹೇಳ್ತಿದ್ದಳು.

ಪದ್ಮನಾಭನಗರ_ಪುಟ್ಟಿ
ಕುಮಟಾದವರೇ, ಇದನ್ನ ಅತ್ತೆಗೆ ಓದಿ ಹೇಳಿದೆ. "ಕೋಟೆ ನೀವೇ ನೋಡ್ಕೊಳ್ಳಿ, ನಾನು ಉಪ್ಪು ನೋಡ್ತೀನಿ" ಅಂದ್ರು. ಎರಡು ದಿನದ ಪರವಾಗಿ ಈಗ ಎರಡು ವೋಟು. ಇನ್ನು ಊಟದ ಕಥೆ ಹೇಳಿ.

ಕುಡ್ಲದ_ಕಡಲಹಕ್ಕಿ
ಮೀನು ತಿನ್ನುವವರಿಗೆ ಸ್ವರ್ಗ. ನಿಮ್ಮ ಅತ್ತೆಗೆ ಕಷ್ಟ ಉಂಟು.

ಮ್ಯೂನಿಕ್_ಮಂಜ
ಪಿಜ್ಜಾ ತಿನ್ನಿ, ಮುಗೀತು.

ಲುಬ್ಲಿಯಾನಾ_ಲಲಿತ
ನಾನು ಏಳು ವರ್ಷದಿಂದ ಸ್ಲೊವೇನಿಯಾದಲ್ಲೇ ಇರೋದು, ಸಸ್ಯಾಹಾರಿ. ಎರಡು ಮಾತು ಬಾಯಿಪಾಠ ಮಾಡ್ಕೊಳ್ಳಿ: "ಬ್ರೆಜ್ ಮೆಸಾ" ಅಂದ್ರೆ ಮಾಂಸ ಇಲ್ಲದೆ, "ಬ್ರೆಜ್ ರಿಬೆ" ಅಂದ್ರೆ ಮೀನು ಇಲ್ಲದೆ. ಎರಡನ್ನೂ ಹೇಳಿ. ಬರೀ ಮಾಂಸ ಬೇಡ ಅಂದ್ರೆ ಮೀನು ತಂದಿಡ್ತಾರೆ. ಮೊಟ್ಟೆ ಬೇಡ ಅನ್ನೋಕೆ "ಬ್ರೆಜ್ ಯಾಯ್ಟ್ಸ್".

ಯೋಟಾ ಅಂತ ಹುರುಳಿಕಾಯಿ ಬೀಜ, ಹುಳಿ ಎಲೆಕೋಸಿನ ಸಾರು ಸಿಗುತ್ತೆ. ನೋಡಿದ್ರೆ ಪಕ್ಕಾ ಸಸ್ಯಾಹಾರ ಅನ್ಸುತ್ತೆ, ಮೋಸ ಹೋಗಬೇಡಿ, ಬಹಳ ಕಡೆ ಹೊಗೆ ಹಾಕಿದ ಹಂದಿಮಾಂಸ ಹಾಕಿ ಬೇಯಿಸಿರ್ತಾರೆ. ಫೂಜಿ ಅನ್ನೋ ಇಸ್ಟ್ರಿಯಾದ (ಪಿರಾನ್ ಇರೋ ಪರ್ಯಾಯ ದ್ವೀಪ) ಪಾಸ್ತಾದ ಹಿಟ್ಟಿಗೇ ಮೊಟ್ಟೆ. ನ್ಯೋಕಿ ಅನ್ನೋ ಆಲೂಗಡ್ಡೆ ಕಡುಬಿಗೂ ಸಾಮಾನ್ಯವಾಗಿ ಹಾಕ್ತಾರೆ, ಕೇಳಿ ತಿನ್ನಿ. ನಿಶ್ಚಿಂತೆಯಿಂದ ತಿನ್ನಬಹುದಾದ್ದು ಪಲೆಂಟಾ, ಮೆಕ್ಕೆಜೋಳದ ಮುದ್ದೆ ಅಂದ್ಕೊಳ್ಳಿ, ಮೇಲೆ ಅಣಬೆ ಅಥವಾ ಚೀಸ್. ಆ ಕಡೆಯ ಆಲಿವ್ ಎಣ್ಣೆ ಒಳ್ಳೇದು, ಬ್ರೆಡ್ ಮೇಲೆ ಸುರಿದು ಆ ಉಪ್ಪು ಉದುರಿಸಿದ್ರೆ ನನಗೆ ಊಟವೇ ಆಯ್ತು.

ಅಡುಗೆಮನೆ ಇರೋ ಮನೆ ತಗೊಂಡ್ರೆ ಇನ್ನೂ ವಾಸಿ. ಆದರೆ ಊರಿಂದ ಅಲ್ಯುಮಿನಿಯಂ ಕುಕ್ಕರ್ ಹೊತ್ಕೊಂಡು ಬರಬೇಡಿ, ಇಲ್ಲಿ ಬಹಳ ಮನೆಯಲ್ಲಿ ಇಂಡಕ್ಷನ್. ನಮ್ಮಮ್ಮ ತಂದು ಎರಡು ವಾರ ಅದನ್ನ ಹೂಕುಂಡದ ಥರ ನೋಡ್ತಾ ಕೂತಿದ್ರು.

ಹುಬ್ಳಿ_ಹೈದ
ಮೆಕ್ಕೆಜೋಳದ ಮುದ್ದಿ! ಬೆಂಗಳೂರವ್ರು ಯೂರೋಪಿಗೆ ಹೋದ್ರೂ ಮುದ್ದಿ ಬಿಡಂಗಿಲ್ಲ.

ಇತಿಹಾಸದ_ಹುಚ್ಚು
ಯಾರೂ ಹೇಳದ ಒಂದು ವಿಷಯ. ಊರಲ್ಲಿ ಫಲಕಗಳೆಲ್ಲ ಎರಡು ಭಾಷೆಯಲ್ಲಿರುತ್ತವೆ, ಸ್ಲೊವೀನ್ ಮತ್ತು ಇಟಾಲಿಯನ್. ಪ್ರವಾಸಿಗಳಿಗಾಗಿ ಅಂದ್ಕೋಬೇಡಿ, ಅಲ್ಲಿ ಎರಡೂ ಅಧಿಕೃತ. 1283ರಿಂದ 1797ರವರೆಗೆ ವೆನಿಸ್, ಆಮೇಲೆ ಆಸ್ಟ್ರಿಯಾ, ಮೊದಲ ಮಹಾಯುದ್ಧ ಮುಗಿದ ಮೇಲೆ ಇಟಲಿ, 1947ರಲ್ಲಿ ಟ್ರಿಯೆಸ್ಟ್ ಸ್ವತಂತ್ರ ಪ್ರದೇಶದ 'ಬಿ' ವಲಯ (ಯುಗೊಸ್ಲಾವ್ ಸೇನೆಯ ಆಡಳಿತದಲ್ಲಿದ್ದದ್ದು), 1954ರಲ್ಲಿ ಯುಗೊಸ್ಲಾವಿಯಾ, 1991ರಿಂದ ಸ್ಲೊವೇನಿಯಾ. ಒಂದೇ ಮನೆಯಲ್ಲಿದ್ದ ಅಜ್ಜಿ ಮೂರು ನಾಲ್ಕು ದೇಶದಲ್ಲಿ ಬದುಕಿದ ಲೆಕ್ಕ. ಯುದ್ಧದ ನಂತರ ಇಟಾಲಿಯನ್ ಮಾತಾಡೋ ಹೆಚ್ಚಿನವರು ಊರು ಬಿಟ್ಟು ಹೋದರು. ಬೆಳಗಾವಿ ಕಡೆಯವನಾದ ನನಗೆ ಎರಡು ಭಾಷೆಯ ಫಲಕ ನೋಡಿದರೆ ಸುಮ್ಮನೆ ದಾಟಿ ಹೋಗೋಕೆ ಆಗಲ್ಲ.

ಇನ್ನೊಂದು: 2010ರಲ್ಲಿ ಈ ಊರಿನವರು ಮೇಯರ್ ಆಗಿ ಆರಿಸಿದ್ದು ಘಾನಾದಲ್ಲಿ ಹುಟ್ಟಿದ ಪೀಟರ್ ಬಾಸ್ಮನ್ ಅವರನ್ನ. ಓದೋಕೆ ಯುಗೊಸ್ಲಾವಿಯಾಕ್ಕೆ ಬಂದು, ವೈದ್ಯರಾಗಿ ಅಲ್ಲೇ ನೆಲೆಸಿದವರು.

ಎದುರಿನ ಕೊಲ್ಲಿಯ ನೀರಿಗೆ ಸ್ಲೊವೇನಿಯಾ-ಕ್ರೊಯೇಷಿಯಾ ಜಗಳ ಇನ್ನೂ ಇದೆ. 2017ರಲ್ಲಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿ ಕೊಲ್ಲಿಯ ಬಹುಭಾಗ ಸ್ಲೊವೇನಿಯಾಕ್ಕೆ ಅಂತ ತೀರ್ಪು ಕೊಟ್ಟಿತು, ಕ್ರೊಯೇಷಿಯಾ ಒಪ್ಪಿಲ್ಲ. ಸ್ಲೊವೇನಿಯಾಕ್ಕೆ ಇರೋ ಕರಾವಳಿಯೇ 47 ಕಿಲೋಮೀಟರ್ ಆಸುಪಾಸು, ಬಿಟ್ಟುಕೊಡ್ತಾರಾ?

ಚೌಕಾಸಿ_ಚೆನ್ನ
47 ಕಿ.ಮೀ. ಅಂದ್ರೆ ನನ್ನ ಆಫೀಸಿಗೆ ಹೋಗಿ ಬರೋ ದೂರ.

ಇತಿಹಾಸದ_ಹುಚ್ಚು
ಅದಕ್ಕೇ ಅವರು ಒಂದೊಂದು ಮೀಟರ್‌ಗೂ ಜಗಳ ಆಡೋದು.

ಕೆಂಪುಮನೆ_ಕಾವ್ಯ
ಚೌಕದ ಮೂಲೆಯ ಕೆಂಪು ಮನೆ ಮರೆತ್ರಾ ಎಲ್ಲರೂ! 15ನೇ ಶತಮಾನದ್ದು. ವೆನಿಸ್‌ನ ಶ್ರೀಮಂತ ವ್ಯಾಪಾರಿ ಊರಿನ ಹುಡುಗಿಯನ್ನ ಪ್ರೀತಿಸಿ ಅವಳಿಗೋಸ್ಕರ ಕಟ್ಟಿಸಿದ್ದಂತೆ. ಊರವರು ಆಡಿಕೊಂಡ್ರಂತೆ. ಅದಕ್ಕೆ ಗೋಡೆ ಮೇಲೆ "ಲಸ್ಸಾ ಪುರ್ ದೀರ್" ಅಂತ ಕೆತ್ತಿಸಿಬಿಟ್ಟ. ಅಂದ್ರೆ, ಆಡೋರು ಆಡ್ಕೊಳ್ಳಲಿ ಬಿಡು. ನಮ್ಮ ಮದುವೆ ಟೈಮಲ್ಲಿ ಇದು ಗೊತ್ತಿದ್ದಿದ್ರೆ ಲಗ್ನಪತ್ರಿಕೆ ಮೇಲೇ ಹಾಕಿಸ್ತಿದ್ದೆ.

ಇತಿಹಾಸದ_ಹುಚ್ಚು
ಕೆತ್ತನೆ ನಿಜ, ಪ್ರೇಮಕಥೆ ಊರ ಕಥೆ.

ಕೆಂಪುಮನೆ_ಕಾವ್ಯ
ಲಸ್ಸಾ ಪುರ್ ದೀರ್.

ಮ್ಯೂನಿಕ್_ಮಂಜ
😂 ಈ ಸುತ್ತು ಕಾವ್ಯ ಅವರದ್ದು.

ಕುಡ್ಲದ_ಕಡಲಹಕ್ಕಿ
ಮಗಳಿಗೆ ಮೊದಲೇ ಹೇಳಿಡಿ, ಮರಳಿನ ಬೀಚ್ ಇಲ್ಲ. ಪಣಂಬೂರು, ಮಲ್ಪೆ ಅಂತ ಅಂದುಕೊಂಡು ಬಕೆಟ್ ಹಿಡಿದು ಹೋದರೆ ಅಳು ಗ್ಯಾರಂಟಿ. ಕಾಂಕ್ರೀಟ್ ಕಟ್ಟೆ, ಅದಕ್ಕೆ ಕಬ್ಬಿಣದ ಏಣಿ, ಏಣಿಯಿಂದ ಸೀದಾ ನೀರಿಗೆ. ತಳ ಕಾಣುವಷ್ಟು ತಿಳಿ ನೀರು, ಆದರೆ ಇಳಿದ ಕೂಡಲೇ ಆಳ. ಕಾಲಿಗೆ ರಬ್ಬರ್ ಚಪ್ಪಲಿ ಹಾಕಲಿ, ಕಲ್ಲಿನ ಮೇಲೆ ಕಡಲಮುಳ್ಳು (ಮುಳ್ಳಿನ ಚೆಂಡಿನಂಥ ಜೀವಿ) ಇರ್ತದೆ.

ಚೌಕಾಸಿ_ಚೆನ್ನ
ಮರಳಿಲ್ಲ, ಮೀನು ತಿನ್ನಲ್ಲ, ಕೋಟೆ ಹತ್ತಲ್ಲ, ಕಾರು ಬಿಡಲ್ಲ. ಮತ್ಯಾಕೆ ಹೋಗ್ತಿದ್ದೀರಾ ಅಂತ ಕೇಳಬಹುದಾ?

ಪದ್ಮನಾಭನಗರ_ಪುಟ್ಟಿ
ಕೇಳಬಹುದು. ನಮ್ಮೆಜಮಾನ್ರೂ ಇದನ್ನೇ ಕೇಳಿದ್ರು. ಎರಡು ರಾತ್ರಿ ಬುಕ್ ಮಾಡಿಬಿಟ್ಟೆ.

*(ಆರು ವಾರದ ನಂತರ)*

ಪದ್ಮನಾಭನಗರ_ಪುಟ್ಟಿ
ಹೋಗಿ ಬಂದ್ವಿ! ವರದಿ ಕೊಡದೆ ಓಡಿಹೋಗೋ ಪೈಕಿ ನಾನಲ್ಲ.

ಮನೆ ನೆಲಮಹಡಿಯಲ್ಲೇ ಸಿಕ್ತು, ಬಂದರಿನ ಹಿಂದಿನ ಗಲ್ಲಿ. "ನೆಲಮಹಡಿ" ಅಂದ್ರೂ ಬಾಗಿಲಿಗೆ ಮೂರು ಮೆಟ್ಟಿಲು, ಅತ್ತೆ ಅದಕ್ಕೂ ನನ್ನ ಮುಖ ನೋಡಿದ್ರು. ಮೊದಲನೇ ದಿನ ಮಧ್ಯಾಹ್ನ ಜನ ಜಾತ್ರೆ, ಇವರು "ನಾನು ಹೇಳಿರಲಿಲ್ವಾ" ಅನ್ನೋ ಮುಖ ಇಟ್ಕೊಂಡು ಸುತ್ತಿದ್ರು. ರಾತ್ರಿ ಊಟ ಆದ್ಮೇಲೆ ಚೌಕಕ್ಕೆ ಹೋದ್ವಿ. ಬಾಲ್ ಆಡೋ ಮಕ್ಕಳು ನಿಜವಾಗ್ಲೂ ಇದ್ರು ಕಡಲಹಕ್ಕಿಯವರೇ. ಐದು ನಿಮಿಷ ನೋಡ್ತಾ ನಿಂತಿದ್ದ ನನ್ನ ಮಗಳಿಗೆ ಒಬ್ಬ ಹುಡುಗ ಬಾಲ್ ತಳ್ಳಿದ. ಅಷ್ಟೇ, ಹತ್ತೂವರೆ ತನಕ ಮನೆಗೆ ಬರಲಿಲ್ಲ. ಇವಳು ಕನ್ನಡದಲ್ಲಿ ಕೂಗ್ತಾಳೆ, ಅವರು ಅವರ ಭಾಷೇಲಿ. ಆಟಕ್ಕೇನೂ ತೊಂದರೆ ಆಗ್ಲಿಲ್ಲ. ಇವರು ತಾರ್ತಿನಿ ಪ್ರತಿಮೆಯ ಮೆಟ್ಟಿಲ ಮೇಲೆ ಕೂತಿದ್ದವರು ಎದ್ದು ಗೋಲ್‌ಕೀಪರ್ ಆದ್ರು.

ಎರಡನೇ ದಿನ ಆಗರ. ಕೊಯ್ಲು ಹೆಚ್ಚುಕಮ್ಮಿ ಮುಗಿದಿತ್ತು, ಹಿಂದಿನ ವಾರ ಮಳೆ ಬೇರೆ. ಗದ್ದೆಗಳಲ್ಲಿ ಬರೀ ಆಕಾಶ ಕಾಣ್ತಿತ್ತು. ನೆರಳೇ ಇಲ್ಲ, ಟೋಪಿ ಮರೀಬೇಡಿ ಮುಂದೆ ಹೋಗೋರು. ಕುಮಟಾದವರೇ, ಗೋಡೆಗೆ ಒರಗಿಸಿಟ್ಟಿದ್ದ ಗವೇರೊ ನೋಡಿ ಅತ್ತೆ ಕೇಳಿದ್ದು, "ಇದು ನಮ್ಮ ಕಣದಲ್ಲಿ ರಾಗಿ ಎಳೆಯೋ ಹಲಗೆ ಅಲ್ವೇನೇ?" ಅಂಗಡಿಯಲ್ಲಿ ಪೊಟ್ಟಣ ಪೊಟ್ಟಣ ಉಪ್ಪು ಇಟ್ಟಿದ್ರು. ಅಂಗಡಿಯವಳು ರುಚಿಗೆ ಅಂತ ನಾಲ್ಕು ಹರಳು ಅಂಗೈಗೆ ಹಾಕಿದ್ಲು. ಅತ್ತೆ ಬಾಯಿಗೆ ಹಾಕ್ಕೊಂಡು ಕಣ್ಣು ಮುಚ್ಚಿ, "ಎರಡು ಕೇಜಿ ಕೊಡು" ಅಂತ ಅಪ್ಪಟ ಕನ್ನಡದಲ್ಲಿ ಹೇಳಿದ್ರು. ಅವಳಿಗೆ ಅರ್ಥ ಆಯ್ತು, ಎರಡು ಬೆರಳು ತೋರಿಸಿದ್ರಲ್ಲ.

ಲಲಿತಾ ಅವರೇ, ಬ್ರೆಜ್ ಮೆಸಾ ಬ್ರೆಜ್ ರಿಬೆ ಜಪ ಮಾಡಿಯೇ ಬದುಕಿದ್ವಿ. ಪಲೆಂಟಾ ನೋಡಿ ಅತ್ತೆ "ಗಂಟಾಗಿದೆ" ಅಂತ ತೀರ್ಪು ಕೊಟ್ರು.

ಪಿಟೀಲು ಪ್ರಿಯರೇ, ಆ ಮನೆ ಅವತ್ತು ಬಾಗಿಲು ಹಾಕಿತ್ತು. ಹೊರಗಿಂದ ಫೋಟೋ ತೆಗೆದಿದ್ದೀನಿ, ಕಳಿಸ್ತೀನಿ.

ಪಿಟೀಲು_ಪ್ರಿಯ
ಬಾಗಿಲು ಹಾಕಿತ್ತಾ... ಎರಡು ರಾತ್ರಿ ಇದ್ದು! ಸರಿ, ಫೋಟೋ ಕಳಿಸಿ.

ಚೌಕಾಸಿ_ಚೆನ್ನ
ಎರಡು ಕೇಜಿ ಉಪ್ಪಿಗೆ ಎಷ್ಟಾಯ್ತು? ಸುಮ್ಮನೆ ಕುತೂಹಲ.

ಪದ್ಮನಾಭನಗರ_ಪುಟ್ಟಿ
ಹೇಳಲ್ಲ. ಇವರೂ ಈ ಚರ್ಚೆ ಓದ್ತಾರೆ.

ಕುಮಟಾ_ಕಡೆಯವ
ಅಷ್ಟು ಉಪ್ಪು ಏನು ಮಾಡಿದಿರಿ?

ಪದ್ಮನಾಭನಗರ_ಪುಟ್ಟಿ
ಅತ್ತೆ ನಿಂಬೆಕಾಯಿ ಉಪ್ಪಿನಕಾಯಿ ಹಾಕಿದ್ದಾರೆ. ಜಾಡಿಗೆ ಬಟ್ಟೆ ಕಟ್ಟಿ ಅಟ್ಟದ ಮೇಲಿಟ್ಟು ಇವತ್ತಿಗೆ ಹನ್ನೆರಡು ದಿನ. ಇನ್ನೂ ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ.